ಉಳಿದ ಏಳು ಬೇಲಿ ಹಾರಿದ್ದು ಯಾರು?

"ಅವನೇನು ಗೆದ್ದ ಬಿಡೋ, ಮಿಕ್ಕವರೆಲ್ಲ ಸೋತರು ಅಷ್ಟೆ."

ಮೊನ್ನೆ ಭಾನುವಾರ ಮಾವ ಹೇಳಿದ ಈ ಮಾತು ವಾರವಿಡೀ ತಲೆ ತಿನ್ನುತ್ತಿದೆ. 'ಅವನು' ಅಂದರೆ ಜಾನ್ ಬಕಿಂಗ್‌ಹ್ಯಾಮ್ ಅನ್ನುವ ಜಾಕಿ, ಕುದುರೆ ಸವಾರ. ನಾನು ಮೊಬೈಲಿನಲ್ಲಿ ತೋರಿಸಿದ್ದು ಅವನು ಗೆದ್ದ 1967ರ ಗ್ರ್ಯಾಂಡ್ ನ್ಯಾಷನಲ್, ಇಂಗ್ಲೆಂಡಿನ ಹೆಸರಾಂತ ಕುದುರೆ ಓಟ. ಲಿವರ್‌ಪೂಲ್ ಹತ್ತಿರದ ಐನ್‌ಟ್ರೀಯ ಓಟ, ಹಳೇ ಕಪ್ಪುಬಿಳುಪು ಚಿತ್ರ. ಮಾವ ಬೆಂಗಳೂರು ರೇಸ್‌ಕೋರ್ಸಿನ ಹಳೇ ಗಿರಾಕಿ. ಇಲ್ಲಿ ಫ್ಲಾಟ್ ರೇಸ್ ಮಾತ್ರ, ಅಂದರೆ ಹಾರಲು ಬೇಲಿಗಳಿಲ್ಲದ ಓಟ. ಜಾಕಿ ಅಂದರೆ 50-55 ಕಿಲೋ ತೂಗುವ ಹುಡುಗ, ಓಟ ಅಂದರೆ ಒಂದೆರಡು ನಿಮಿಷ. ಅಲ್ಲಿನದು ಸುಮಾರು ಏಳು ಕಿಲೋಮೀಟರ್, ದಾರಿಯಲ್ಲಿ 30 ಬೇಲಿ. ಮಾವನ ಪ್ರಕಾರ ಅದು ರೇಸೇ ಅಲ್ಲ, ಸರ್ಕಸ್ಸು.

ಸರ್ಕಸ್ಸು ನಡೆದದ್ದು 23ನೇ ಬೇಲಿಯಲ್ಲಿ. ಆ ಓಟದ ಅತಿ ಚಿಕ್ಕ ಬೇಲಿಗಳಲ್ಲಿ ಅದೂ ಒಂದು. ಪೋಪಮ್ ಡೌನ್ ಅನ್ನುವ ಕುದುರೆ ಮೊದಲ ಬೇಲಿಯಲ್ಲೇ ಜಾಕಿಯನ್ನು ಕಳೆದುಕೊಂಡು ಸುಮ್ನೆ ಗುಂಪಿನ ಜೊತೆ ಓಡುತ್ತಿತ್ತು. ಇಲ್ಲಿಗೆ ಬಂದಾಗ ಹಾರುವ ಬದಲು ಅಡ್ಡ ತಿರುಗಿತು. ಹಿಂದಿನವು ಡಿಕ್ಕಿ ಹೊಡೆದವು, ನಿಂತವು, ಬಿದ್ದವು. ಜಾಕಿಗಳು ಬೇಲಿಯ ಆಚೆಗೂ ಈಚೆಗೂ ಉರುಳಿದರು. ಆಗ ತುಂಬಾ ಹಿಂದಿನಿಂದ ಫೊಯ್ನಾವನ್ ಬಂತು, ಮೇಲೆ ಜಾನ್ ಬಕಿಂಗ್‌ಹ್ಯಾಮ್. ಹೊರಗಡೆ ಒಂದು ಸಂದು ಕಂಡಿತು, ಹಾರಿಸಿದ, ಹೋದ.

ಬಾಜಿಯಲ್ಲಿ ಕುದುರೆಯ ದರ ನೂರಕ್ಕೆ ಒಂದು, ಅಂದರೆ ಒಂದು ಕಟ್ಟಿದರೆ ನೂರು ಲಾಭ. ಅದರ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಮಾಲೀಕ ಐನ್‌ಟ್ರೀಗೆ ಬಂದೇ ಇರಲಿಲ್ಲ. ತರಬೇತುದಾರ ಜಾನ್ ಕೆಂಪ್ಟನ್ ಅವತ್ತು ವೂಸ್ಟರ್‌ನಲ್ಲಿ ಬೇರೊಂದು ಕುದುರೆ ಓಡಿಸುತ್ತಿದ್ದ. ನನಗಂತೂ ಅವನ ಮೇಲೆ ಸಿಟ್ಟು. ಸಾಕಿದವನೇ ನೋಡಲು ಬರದಿದ್ದರೆ ಹೇಗೆ? ಬೇರೆ ಜಾಕಿಗಳು ಬೇಡ ಅಂದ ಮೇಲೆ ಸವಾರಿ ಬಕಿಂಗ್‌ಹ್ಯಾಮ್‌ಗೆ ಬಂತು. ಅವನು ಅದಕ್ಕೆ ಮುಂಚೆ ಗ್ರ್ಯಾಂಡ್ ನ್ಯಾಷನಲ್ ಓಡಿಸಿದವನೇ ಅಲ್ಲ.

ಮಾವನ ಮಾತು ಇಲ್ಲೇ ನನಗೆ ಚುಚ್ಚುವುದು. 23ನೇ ಬೇಲಿ ಅಂದರೆ ಇನ್ನೂ ಏಳು ಬಾಕಿ. ಹಿಂದೆ ಕೆಲವರು ಕುದುರೆ ತಿರುಗಿಸಿ ಮತ್ತೆ ಹಾರಿಸಿ ಬೆನ್ನು ಹತ್ತಿದ್ದರು. ಅದರಲ್ಲಿ ಫೇವರಿಟ್, ಅಂದರೆ ಗೆಲ್ಲುತ್ತದೆ ಅಂತ ಹೆಚ್ಚು ಜನ ಬಾಜಿ ಕಟ್ಟಿದ್ದ, ಹನಿ ಎಂಡ್ ಇತ್ತು, ಮೇಲಿದ್ದವನು ನಾಲ್ಕು ಸಲ ಚಾಂಪಿಯನ್ ಜಾಕಿ ಆದ ಜೋಶ್ ಗಿಫರ್ಡ್. ಬಕಿಂಗ್‌ಹ್ಯಾಮ್‌ನ ಕೆಳಗಿದ್ದದ್ದು ನಿಧಾನದ ಕುದುರೆ. ಒಂದು ಕಡೆ ಮುಗ್ಗರಿಸಿದ್ದರೂ ಕಥೆ ಮುಗಿಯುತ್ತಿತ್ತು. 15 ಲೆಂತ್, ಅಂದರೆ ಹದಿನೈದು ಕುದುರೆ ಉದ್ದದ, ಅಂತರದಲ್ಲಿ ಗೆದ್ದ.

"ಹಾಗಾದ್ರೆ ಆ ಏಳು ಬೇಲಿ ಯಾರು ಹಾರಿದ್ದು ಮಾವ?" ಅಂದೆ.

"ಕುದುರೆ," ಅಂದರು ಮಾವ.

ಎಂಥಾ ಉತ್ತರ ನೋಡಿ! ಅತ್ತೆ ಅಡುಗೆಮನೆಯಿಂದಲೇ ನಕ್ಕರು. ಮಾವ ಹೀಗೇ. ತಾವು ಗೆದ್ದ ಬಾಜಿ ಲೆಕ್ಕಾಚಾರ, ಬೇರೆಯವರು ಗೆದ್ದದ್ದು ಅದೃಷ್ಟ.

ಈ ಮಾತು ಇಷ್ಟು ಕಾಡಲು ಇನ್ನೊಂದು ಕಾರಣವೂ ಇದೆ. ಇದೇ ವಾರ ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಬಡ್ತಿ ಬಂತು. ಮೇಲಿದ್ದ ಮೂವರು ಕೆಲಸ ಬಿಟ್ಟಿದ್ದರು. ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಮಾವನ ಮಾತೇ. ಅವರು ಬಿಟ್ಟುಹೋದ ಕೆಲಸವನ್ನೆಲ್ಲ ತಿಂಗಳುಗಟ್ಟಲೆ ರಾತ್ರಿ ಕೂತು ಮುಗಿಸಿದ್ದು ಇವರೇ ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಜಾಗ ಖಾಲಿಯಾಗುವುದು ಅದೃಷ್ಟ ಇರಬಹುದು. ಆಮೇಲಿನದೂ ಅದೃಷ್ಟವೇನಾ?

1984ರಲ್ಲಿ ಆ ಬೇಲಿಗೆ ಫೊಯ್ನಾವನ್ ಅಂತಲೇ ಹೆಸರಿಟ್ಟರು. ಕುದುರೆಯ ಹೆಸರು, ಜಾಕಿಯದಲ್ಲ. ಮಾವನಿಗೆ ಖುಷಿಯಾಗಬೇಕು. ಬಕಿಂಗ್‌ಹ್ಯಾಮ್ 1971ರಲ್ಲಿ ಸವಾರಿ ಬಿಟ್ಟ. ಆಮೇಲೆ ಸೋದರ ಟಾಮ್ ಜೊತೆ ಸೇರಿ ಬೇರೆ ಜಾಕಿಗಳ ಜೀನು, ಬೂಟು, ಬಟ್ಟೆ ಸಿದ್ಧಮಾಡಿ ಕೊಡುವ ಕೆಲಸ ಹಿಡಿದ. ಗ್ರ್ಯಾಂಡ್ ನ್ಯಾಷನಲ್ ಗೆದ್ದವನು ಇತರರ ಬೂಟು ಒರೆಸುವುದಾ ಅಂತ ನನ್ನ ಹೆಂಡತಿ ಬೇಸರಪಟ್ಟಳು. ನನಗೆ ಹಾಗನಿಸಲಿಲ್ಲ. ಜಾಕಿಗಳ ಕೋಣೆ ಬಿಟ್ಟು ಹೋಗಲು ಮನಸ್ಸಿಲ್ಲದವನಿಗೆ ಅದು ಒಳ್ಳೆಯ ಕೆಲಸವೇ.

ಈ ಭಾನುವಾರ ಮತ್ತೆ ವಾದ ಇದೆ. ಒಂದು ವಿಷಯ ಮಾತ್ರ ಮಾವನಿಗೆ ಹೇಳುವುದಿಲ್ಲ. ಅವತ್ತು ಮೂರನೇದಾಗಿ ಬಂದ ರೆಡ್ ಅಲಿಗೇಟರ್ ಮಾರನೇ ವರ್ಷ ಅದೇ ಓಟ ಗೆದ್ದಿತು. ಗೊತ್ತಾದರೆ, "ನೋಡಿದ್ಯಾ, ದಾರಿ ಸರಿಯಿದ್ದಿದ್ರೆ ಆ ವರ್ಷವೂ ಅದೇ ಗೆಲ್ತಿತ್ತು" ಅಂತಾರೆ.