ಮೊಟ್ಟೆ, ತುಪ್ಪ ನಿಲ್ಲಿಸಿದರೆ ಗಡ್ಡೆ ಬೆಳೆಯೋದು ನಿಲ್ಲುತ್ತಾ?

ನಾನು ಮಂಡ್ಯದಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವನು. ಬಸ್‌ಸ್ಟ್ಯಾಂಡಲ್ಲಿ ಸಿಕ್ಕವರೂ, ಮದುವೆ ಮನೇಲಿ ಸಿಕ್ಕವರೂ ಇದನ್ನೇ ಕೇಳುತ್ತಾರೆ. "ಮೇಷ್ಟ್ರೇ, ಕ್ಯಾನ್ಸರ್ ಕೊಲೆಸ್ಟ್ರಾಲ್ ತಿಂದು ಬೆಳೆಯುತ್ತಂತೆ. ಅಮ್ಮನಿಗೆ ಮೊಟ್ಟೆ, ತುಪ್ಪ ನಿಲ್ಲಿಸಿಬಿಡೋದಾ?"

ಬೇಡ. ಆದರೆ ನೀವು ಕೇಳಿದ್ದರಲ್ಲಿ ಅರ್ಧ ನಿಜವಿದೆ.

ನಮ್ಮ ಪ್ರತಿ ಜೀವಕೋಶದ ಪೊರೆಯಲ್ಲೂ ಕೊಲೆಸ್ಟ್ರಾಲ್ ಇದೆ. ಒಂದು ಕೋಶ ಎರಡಾಗಬೇಕಾದರೆ ಹೊಸ ಪೊರೆ ಬೇಕು, ಅದಕ್ಕೆ ಕೊಲೆಸ್ಟ್ರಾಲೂ ಬೇಕು. ಬಿಡುವಿಲ್ಲದೆ ಹೆಚ್ಚುವ ಕ್ಯಾನ್ಸರ್ ಕೋಶಕ್ಕೆ ಜಾಸ್ತಿಯೇ ಬೇಕು. ಎಲ್ಲಿಂದ ತರುತ್ತದೆ? ನಮ್ಮ ಕಡೆ ಗದ್ದೆಗೆ ನಾಲೆ ನೀರೂ ಇರುತ್ತೆ, ಬೋರ್‌ವೆಲ್ಲೂ ಇರುತ್ತೆ ಅಲ್ವಾ, ಹಾಗೇ ಕೋಶಕ್ಕೂ ಎರಡು ದಾರಿ. ಕೊಲೆಸ್ಟ್ರಾಲ್ ಹೊತ್ತು ರಕ್ತದಲ್ಲಿ ಹರಿಯುವ ಎಲ್‌ಡಿಎಲ್ ಕಣಗಳು ನಾಲೆ ನೀರು, ಅವನ್ನು ಹಿಡಿದು ಒಳಗೆ ಬಿಟ್ಟುಕೊಳ್ಳುವ, ಕೋಶದ ಮೈಮೇಲಿನ ಎಲ್‌ಡಿಎಲ್ ರಿಸೆಪ್ಟರ್ ಎಂಬ ಪ್ರೋಟೀನ್ ತೂಬು. ಇನ್ನು ಬೋರ್‌ವೆಲ್ ಇರೋದು ಕೋಶದ ಒಳಗೇ: ಸಕ್ಕರೆ, ಕೊಬ್ಬು ಒಡೆದಾಗ ಸಿಗುವ ಅಸಿಟೈಲ್ ಕೋ-ಎ ಎಂಬ ಸಣ್ಣ ಅಣುವಿನಿಂದ ಅದು ತಾನೇ ಕೊಲೆಸ್ಟ್ರಾಲ್ ಮಾಡಿಕೊಳ್ಳುತ್ತದೆ. ಆರೋಗ್ಯವಾಗಿರುವ ಕೋಶದಲ್ಲಿ ಸಾಕಾದ ಕೂಡಲೇ ಮೋಟಾರ್ ನಿಂತು, ತೂಬೂ ಕಡಿಮೆಯಾಗುತ್ತದೆ. ಕೋಶ ಹೀಗೆ ಲೆಕ್ಕ ಇಡುತ್ತದೆ ಎಂದು ತೋರಿಸಿದ ವಿಜ್ಞಾನಿಗಳಾದ ಬ್ರೌನ್, ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಮೋಟಾರಿನ ಸ್ಟಾರ್ಟರ್ ಎಸ್‌ಆರ್‌ಇಬಿಪಿ-2 ಎಂಬ ಪ್ರೋಟೀನ್. ಹಲವು ಕ್ಯಾನ್ಸರ್‌ಗಳಲ್ಲಿ ಈ ಹಿಡಿತ ಸಡಿಲವಾಗಿ, ಮೋಟಾರ್ ಓಡುತ್ತಲೇ ಇರುತ್ತದೆ.

ಈ ಮೋಟಾರಿಂದ ಕ್ಯಾನ್ಸರ್ ಕೋಶಕ್ಕೆ ಸಿಗುವುದು ಪೊರೆ ಒಂದೇ ಅಲ್ಲ. ಕೊಲೆಸ್ಟ್ರಾಲ್ ತಯಾರಾಗುವ ದಾರಿಯ ನಡುವೆ ಸಿಗುವ ಒಂದು ವಸ್ತು ರಾಸ್ ಎಂಬ ಪ್ರೋಟೀನನ್ನು ಪೊರೆಗೆ ಅಂಟಿಸುತ್ತದೆ. 'ಬೆಳಿ, ಬೆಳಿ' ಎಂದು ಕೋಶಕ್ಕೆ ಹೇಳುವುದು ಆ ರಾಸ್.

ಈಗ ಮೊಟ್ಟೆಗೆ ಬನ್ನಿ. ಮೈಯಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚು ಪಾಲು ನಮ್ಮ ದೇಹವೇ ತಯಾರಿಸಿದ್ದು. ತಟ್ಟೆಯಲ್ಲಿ ಕಡಿಮೆ ಮಾಡಿದರೆ ಲಿವರ್ ಜಾಸ್ತಿ ಮಾಡುತ್ತದೆ, ಗಡ್ಡೆಯ ಬೋರ್‌ವೆಲ್ ಅಂತೂ ಬತ್ತುವುದಿಲ್ಲ. ಬಡವಾಗುವುದು ರೋಗಿ.

"ಹಾಗಾದ್ರೆ ಸ್ಟ್ಯಾಟಿನ್ ಮಾತ್ರೆ ಕೊಡಬಹುದಲ್ಲಾ?" ಅನ್ನುತ್ತಾರೆ. ಅದು ಆ ಮೋಟಾರನ್ನೇ ತಡೆಯುವ ಮಾತ್ರೆ, ನಿಜ. ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಗ್ಗಿಸಿದೆ. ಆದರೆ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಅಷ್ಟು ಗಟ್ಟಿ ಫಲ ಕಂಡಿಲ್ಲ. ಹೃದಯಕ್ಕೆಂದು ಬರೆದುಕೊಟ್ಟಿದ್ದರೆ ನಿಲ್ಲಿಸಬೇಡಿ, ಕ್ಯಾನ್ಸರ್‌ಗೆಂದು ನೀವೇ ಶುರು ಮಾಡಬೇಡಿ.

ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಬಂದಾಗ ಮನೆಯವರು ತಿಂಗಳುಗಟ್ಟಲೆ ಗಂಜಿ, ತಿಳಿಸಾರು ಮಾತ್ರ ಕೊಟ್ಟರು. ಕೀಮೋ ನಡುವೆ ಅವರು ಎದ್ದು ಕೂರಲಾಗದಷ್ಟು ಇಳಿದುಹೋಗಿದ್ದರು. ಆ ನೋವು ನನಗಿನ್ನೂ ಹೋಗಿಲ್ಲ. ನಿಮ್ಮಮ್ಮನಿಗೆ ಡಾಕ್ಟರ್ ಬೇರೆ ಕಾರಣಕ್ಕೆ ಬೇಡ ಅಂದಿಲ್ಲವಾದರೆ, ಬಾಯಿಗೆ ರುಚಿಸಿದ ದಿನ ಬೇಯಿಸಿದ ಮೊಟ್ಟೆ ಕೊಡಿ, ಮುದ್ದೆಗೆ ಒಂದು ಚಮಚ ತುಪ್ಪ ಹಾಕಿ.