ಕೈ ಒಣಗಿರಲಿ: ಜೊಯಿಡಾದ ಒಂದು ಅಡುಗೆಮನೆಯಲ್ಲಿ

ಹುಬ್ಬಳ್ಳಿಯ ನಮ್ಮ ಮನೆಗೆ ಬರುವ ಗಡ್ಡೆ ಅಂದರೆ ಬಟಾಟೆ, ಉಳ್ಳಾಗಡ್ಡಿ, ಸಂಕ್ರಾಂತಿ ಹೊತ್ತಿಗೆ ಒಂದಿಷ್ಟು ಗೆಣಸು. ಅಷ್ಟೇ. ಉತ್ತರ ಕನ್ನಡದ ಜೊಯಿಡಾದಲ್ಲಿ ಚಳಿಗಾಲದಲ್ಲಿ ಗಡ್ಡೆ ಗೆಣಸಿನ ಮೇಳ ನಡೆಯುತ್ತದೆ. ಅದರ ಫೋಟೊ ನೋಡಿದಾಗಿನಿಂದ ಮನಸ್ಸು ಅಲ್ಲೇ ಇತ್ತು. ಆದರೆ ಮೇಳದಲ್ಲಿ ಗಡ್ಡೆ ನೋಡಬಹುದು, ಕೊಳ್ಳಬಹುದು. ಅದನ್ನು ಬೇಯಿಸುವುದು ಹೇಗೆ ಅಂತ ಗೊತ್ತಾಗಬೇಕಾದರೆ ಯಾರದಾದರೂ ಒಲೆಯ ಮುಂದೆ ಕೂರಬೇಕು. ಪರಿಚಯದವರೊಬ್ಬರು ಅಲ್ಲಿನ ಕಾಡಂಚಿನ ಕುಣಬಿ ಸಮುದಾಯದ ಒಂದು ಮನೆಯವರನ್ನು ಕೇಳಿ ಒಪ್ಪಿಸಿದರು. ಜನವರಿಯಲ್ಲಿ ಎರಡು ದಿನ ರಜೆ ಹಾಕಿ ಹೊರಟೆ.

ಧಾರವಾಡ, ಹಳಿಯಾಳ ದಾಟಿ ದಾಂಡೇಲಿ. ಅಲ್ಲಿಂದ ಇನ್ನೊಂದು ಬಸ್ಸು. ಗಣೇಶಗುಡಿಯಲ್ಲಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು ಇದೆ, 101 ಮೀಟರ್ ಎತ್ತರದ್ದು. ಹಳೆಯ ಸೂಪಾ ಊರು ಈಗ ಆ ನೀರಿನ ಕೆಳಗಿದೆ. ಊರು ಮುಳುಗಿದ ಮೇಲೆಯೇ ತಾಲ್ಲೂಕಿನ ಕಚೇರಿಗಳೆಲ್ಲ ಜೊಯಿಡಾಕ್ಕೆ ಬಂದವು. ಪಕ್ಕದ ಸೀಟಿನ ಅಜ್ಜ ಇವತ್ತಿಗೂ 'ಸೂಪಾ ತಾಲ್ಲೂಕು' ಅಂತಲೇ ಹೇಳುತ್ತಿದ್ದರು.

ಮನೆ ತಲುಪಿದಾಗ ಮಧ್ಯಾಹ್ನ. ಮನೆಯಾಕೆಯನ್ನು ಊರವರೆಲ್ಲ ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ. ನನಗೂ ವೈನಿಯೇ ಆದರು. ಅವರ ಮಾತು ಕೊಂಕಣಿ, ನನ್ನ ಜೊತೆ ಮಾತ್ರ ಕನ್ನಡ. ಚಹಾ ಕುಡಿದ ಕೂಡಲೇ ಹಿತ್ತಲಿಗೆ ಕರೆದುಕೊಂಡು ಹೋದರು. ಸುತ್ತಲೂ ಮುಳ್ಳಿನ ಬೇಲಿ. ಕಾಡುಹಂದಿ, ಮುಳ್ಳುಹಂದಿ ಎರಡಕ್ಕೂ ಗಡ್ಡೆಯ ರುಚಿ ಚೆನ್ನಾಗಿ ಗೊತ್ತು. ಒಂದು ರಾತ್ರಿ ಬೇಲಿ ಸಡಿಲವಾದರೆ ವರ್ಷದ ಬೆಳೆ ಹೋದಂತೆಯೇ.

ಅಲ್ಲಿ ನೋಡಿದ್ದು ಮುಡ್ಲಿ. ಇದು ಕೆಸುವಿನ ಜಾತಿ. ಆದರೆ ಪೇಟೆಯಲ್ಲಿ ಸಿಗುವ ಮೊಟ್ಟೆ ಗಾತ್ರದ ಕೆಸುವಿನ ಗಡ್ಡೆ ಅಲ್ಲ, ಒಂದನ್ನು ಎತ್ತಲು ಎರಡೂ ಕೈ ಬೇಕು. ಮಳೆ ಶುರುವಾಗುವ ಹೊತ್ತಿಗೆ ನೆಟ್ಟು, ಸಗಣಿ ಗೊಬ್ಬರ, ತರಗೆಲೆ ಹಾಕಿ, ಬುಡಕ್ಕೆ ಮಣ್ಣೇರಿಸುತ್ತಾರೆ. ಚಳಿಗಾಲದಲ್ಲಿ ಕೀಳುತ್ತಾರೆ. ವೈನಿ ಗುದ್ದಲಿಯನ್ನು ದೂರದಿಂದಲೇ ಹಾಕಿ, ಕೊನೆಯ ಮಣ್ಣನ್ನು ಕೈಯಲ್ಲೇ ಬಿಡಿಸಿದರು. ಪೆಟ್ಟು ಬಿದ್ದರೆ ಗಡ್ಡೆ ಕೊಳೆಯುತ್ತದೆ, ಬಹಳ ದಿನ ಇಡಲು ಬರುವುದಿಲ್ಲ.

ಪಕ್ಕದ ಮರಕ್ಕೆ ಹಬ್ಬಿದ್ದ ಬಳ್ಳಿ ಕೋನ್. ಅದರ ಗಡ್ಡೆ ಸೀಳಿದರೆ ಒಳಗೆ ನೇರಳೆ ಬಣ್ಣ. ಇನ್ನೊಂದು ಕಾಟೆ ಕಣಗ. ಕಾಟೆ ಅಂದರೆ ಮುಳ್ಳು. ಬುಡದಲ್ಲಿ ನಿಜಕ್ಕೂ ಮುಳ್ಳಿನ ಕಾವಲು, ಒಳಗೆ ಗೊಂಚಲು ಗೊಂಚಲು ಸಣ್ಣ ಗಡ್ಡೆ. ಬಳ್ಳಿಯ ಮೇಲೆಯೇ ಗಾಳಿಯಲ್ಲಿ ಬಟಾಟೆಯ ಹಾಗೆ ಕಾಯಿ ಬಿಡುವ ಗೆಣಸೂ ಇತ್ತು. ಮನೆಯಲ್ಲಿ ಬೆಳೆದದ್ದನ್ನು ಸುಮ್ನೆ ಬೇಯಿಸಿ ತಿನ್ನಬಹುದು. ಕಾಡಿನಲ್ಲಿ ಸಿಗುವುದು ವಿಪರೀತ ಕಹಿ. ಅದನ್ನು ತೆಳ್ಳಗೆ ಹೆಚ್ಚಿ, ಬೂದಿ ಹಾಕಿ ಬೇಯಿಸಿ, ಹರಿಯುವ ನೀರಿನಲ್ಲಿ ಇಟ್ಟು ಕಹಿ ತೆಗೆಯಬೇಕು. 'ಅಕ್ಕಿ ಸಾಲದ ವರ್ಷ ನಮ್ಮತ್ತೆ ಅದನ್ನೂ ಮಾಡ್ತಿದ್ರು,' ಅಂದರು ವೈನಿ. ಹಾಗೆ ಅನ್ನುವಾಗ ಅವರ ದನಿ ತಗ್ಗಿತು. ನಾನು ಹೆಚ್ಚು ಕೇಳಲಿಲ್ಲ.

ಅಡುಗೆಮನೆಯಲ್ಲಿ ನಾನು ಮೊದಲು ಮಾಡಿದ್ದೇ ತಪ್ಪು. ಮುಡ್ಲಿಯ ಮಣ್ಣು ಹೋಗಲಿ ಅಂತ ತೊಳೆದು, ಒದ್ದೆ ಕೈಯಲ್ಲೇ ಸಿಪ್ಪೆ ಹೆರೆಯಲು ಕೂತೆ. ಎರಡು ನಿಮಿಷಕ್ಕೆ ಬೆರಳ ಸಂದಿಯಲ್ಲಿ ತುರಿಕೆ ಶುರು, ಆಮೇಲೆ ಮೊಣಕೈವರೆಗೂ ಉರಿ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಕಣ್ಣಿಗೆ ಕಾಣದ ಸೂಜಿಗಳಿರುತ್ತವೆ, ಅವು ಚರ್ಮಕ್ಕೆ ಚುಚ್ಚುತ್ತವೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಒದ್ದೆ ಮಾಡಿಕೊಂಡಿದ್ದೆ. ವೈನಿ ಕೊಬ್ಬರಿ ಎಣ್ಣೆ ಸವರಿ, ಒಲೆಯ ಮುಂದೆ ಕೈ ಕಾಯಿಸಿಕೊಳ್ಳಲು ಹೇಳಿದರು. ಸ್ವಲ್ಪ ಹೊತ್ತಿಗೆ ತಡೆಯುವಂತಾಯಿತು.

'ಕೈ ಒಣಾ ಇರ್ಬೇಕು ಬಾಯ್. ಗಡ್ಡೆನೂ ಒಣಾ ಇರ್ಬೇಕು. ಮೊದ್ಲು ಹೆರೀಬೇಕು, ಆಮೇಲೆ ತೊಳೀಬೇಕು.'

ಆಮೇಲೆ ನಾನು ನೋಡುತ್ತಾ ಕೂತೆ. ಅವರು ಎಣ್ಣೆ ಕೈಯಲ್ಲಿ ದಪ್ಪಗೆ ಸಿಪ್ಪೆ ತೆಗೆದು, ಹೋಳು ಮಾಡಿ, ತೊಳೆದು, ಉಪ್ಪು ಮತ್ತು ಹುಳಿಗೆ ಒಣಗಿದ ಮುರುಗಲು (ಕೋಕಂ) ಸಿಪ್ಪೆ ಹಾಕಿ ಬೇಯಲು ಇಟ್ಟರು. ಕಾಯಿತುರಿ, ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಅರೆದರು. ಒಣ ಸಿಗಡಿ ಹುರಿದು ತಲೆ ಬಾಲ ಮುರಿದು ಹಾಕಿದರು. ಇಳಿಸುವ ಮುಂಚೆ ನಾಲ್ಕು ಜುಮ್ಮನಕಾಯಿ, ಕೊಂಕಣಿಗರು ತಿರ್ಫಳ ಅನ್ನುವ ಮಸಾಲೆ ಕಾಯಿ. ಅದನ್ನು ಅರೆಯಬಾರದು. ಕಪ್ಪು ಬೀಜ ತೆಗೆದು, ಸಿಪ್ಪೆಯನ್ನಷ್ಟೇ ಜಜ್ಜಿ ಹಾಕಬೇಕು. ಮುಚ್ಚಳ ತೆಗೆದಾಗ ಬಂದ ಘಮ ಹೇಗಿತ್ತು ಗೊತ್ತಾ? ಕಿತ್ತಳೆ ಸಿಪ್ಪೆಯನ್ನು ಮೆಣಸಿನ ಜೊತೆ ಕುಟ್ಟಿದ ಹಾಗೆ.

ಅಷ್ಟರಲ್ಲಿ ಕೋನ್ ಗಡ್ಡೆಯ ಒಂದು ತುಂಡು ಕೆಂಡದ ಬೂದಿಯಲ್ಲಿ ಸುಟ್ಟು ರೆಡಿಯಾಗಿತ್ತು. ಮೇಲೆ ಕರಿ, ಒಳಗೆ ನೇರಳೆ ಹಿಟ್ಟು. ಅದಕ್ಕೆ ಉಪ್ಪು, ಹಸಿಮೆಣಸು ಸಾಕು. ಕಳಲೆಯ ಪಲ್ಯವೂ ಇತ್ತು. ಜನವರಿಯಲ್ಲಿ ಕಳಲೆ ಎಲ್ಲಿಂದ ಅಂತ ಕೇಳಿದರೆ ವೈನಿ ಮೂಲೆಯ ಭರಣಿ ತೋರಿಸಿದರು. ಮಳೆಗಾಲದ ಎಳೆ ಬಿದಿರು, ಉಪ್ಪುನೀರಿನಲ್ಲಿ ಅಷ್ಟು ತಿಂಗಳಿಂದ ಕೂತಿದೆ. ತೆಗೆದು ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಇಳಿಸಿ ಮಾಡುತ್ತಾರೆ. ನನಗೆ ಆ ಊಟದಲ್ಲಿ ಜಾಸ್ತಿ ಇಷ್ಟವಾದದ್ದು ಮಾತ್ರ ಮುಡ್ಲಿಯೇ. ಬೆಣ್ಣೆಯ ಹಾಗೆ ಮೆತ್ತಗೆ, ಆದರೆ ಹೋಳು ಕರಗಿರಲಿಲ್ಲ. ನಾಲಿಗೆಗೆ ಒಂಚೂರೂ ತುರಿಕೆ ಇಲ್ಲ.

ಇಂಥ ಅಡುಗೆಯನ್ನು 'ಕಾಡಿನ ಊಟ' ಅಂತ ಹಗುರವಾಗಿ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಮೈ ತುರಿಸುವ, ಕಹಿಯಾಗಿರುವ ಗಡ್ಡೆಯನ್ನು ಮಕ್ಕಳಿಗೆ ಬಡಿಸುವ ಹಾಗೆ ಮಾಡಲು ಎಷ್ಟು ತಲೆಮಾರಿನ ಹೆಂಗಸರು ಕೈ ಸುಟ್ಟುಕೊಂಡಿರಬೇಕು, ಅಲ್ವಾ?

ಮರುದಿನ ಹೊರಡುವಾಗ ವೈನಿ ಒಂದು ದೊಡ್ಡ ಮುಡ್ಲಿಯನ್ನು ಚೀಲಕ್ಕೆ ಹಾಕಿಕೊಟ್ಟರು. ಹುಬ್ಬಳ್ಳಿಯಲ್ಲಿ ಭಾನುವಾರ ಕೂತು ಮಾಡಿದೆ. ಕೈ ಒಣಗಿತ್ತು, ಎಣ್ಣೆ ಸವರಿದ್ದೆ, ಹೆರೆದ ಮೇಲೆಯೇ ತೊಳೆದೆ. ರುಚಿ ಬಂತು. ಆದರೆ ಎರಡನೇ ತುತ್ತಿಗೆ ಗಂಟಲು ಸಣ್ಣಗೆ ಕೆರೆಯಿತು. ಸಂಜೆ ವೈನಿಗೆ ಫೋನ್ ಮಾಡಿದೆ.

'ಹುಳಿ ಯಾವಾಗ ಹಾಕಿದ್ರಿ?'

'ಕೊನೆಗೆ, ಮಸಾಲೆ ಜೊತೆ.'

'ಹಾಂಗಲ್ಲ ಬಾಯ್. ಬೇಯ್ಲಿಕ್ಕೆ ಇಡುವಾಗ್ಲೇ ಹಾಕ್ಬೇಕು. ಉಳಿದದ್ದಿದ್ರೆ ಇನ್ನೆರಡು ಸಿಪ್ಪೆ ಹಾಕಿ ಮತ್ತೆ ಕುದಿಸ್ರಿ.'

ಅರ್ಧ ಪಾತ್ರೆ ಉಳಿದಿತ್ತು. ಫೋನ್ ಕಿವಿಗಿಟ್ಟುಕೊಂಡೇ ಒಲೆ ಹಚ್ಚಿದೆ.