ಬಿದ್ದಿದ್ದಲ್ಲ ಅಜ್ಜಿ, ಇಳಿದಿದ್ದು

18 ಜನವರಿ 2026, ಭಾನುವಾರ
ಹಾಸನ, ರಾತ್ರಿ 9.40

ನಾನು ಪ್ಯಾರಾಮೋಟರ್ ಕಲಿಯುತ್ತಿದ್ದೇನೆ, ಅಂದರೆ ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ತಲೆ ಮೇಲಿನ ಬಟ್ಟೆಯ ರೆಕ್ಕೆಯಲ್ಲಿ (ವಿಂಗ್) ಹಾರುವುದು. ಇವತ್ತು ಗಾಳಿಯಲ್ಲಿ ಇರುವಾಗ ಎಂಜಿನ್ ನಿಂತುಹೋಯಿತು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ದೊಡ್ಡದಾಗುವ ಮೊದಲು ನಾನೇ ಬರೆದಿಡುತ್ತೇನೆ. ನನಗೆ ಏನೂ ಆಗಿಲ್ಲ. ಮಷಿನ್‌ಗೂ ಏನೂ ಆಗಿಲ್ಲ. ಶೂ ತುಂಬ ಮಣ್ಣಾಯಿತು, ಅಷ್ಟೇ.

ಬೆಳಗ್ಗೆ ನಾಲ್ಕಕ್ಕೇ ಎದ್ದೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಇನ್ನೂ ಒಂದು ಡಬ್ಬಿ ಉಳಿದಿತ್ತು. ಒಂದು ಹಿಡಿ ಕವರಿಗೆ ಹಾಕಿ ಜಾಕೆಟ್ ಜೇಬಿಗೆ ಇಟ್ಟುಕೊಂಡೆ. ಹಳೇಬೀಡು ದಾಟಿ ಜಾವಗಲ್ ಕಡೆ ಹೋದ ಹಾಗೆ ನೆಲದ ಗುಣವೇ ಬದಲಾಗುತ್ತೆ. ಸಕಲೇಶಪುರದ ಕಾಡು, ತೋಟ, ಇಳಿಜಾರು ಯಾವುದೂ ಇಲ್ಲಿಲ್ಲ. ಬಯಲು. ಈ ತಿಂಗಳಲ್ಲಿ ರಾಗಿ ಕೊಯ್ದು ಖಾಲಿ ಬಿದ್ದ ಹೊಲಗಳು, ನಡುನಡುವೆ ತೆಂಗಿನ ತೋಟ. ಕಲಿಯುವವರಿಗೆ ಇಂಥ ಜಾಗವೇ ಬೇಕು. ಹಾಸನ ಊರಿನ ಹತ್ತಿರ ನಾವು ಹಾರುವುದಿಲ್ಲ. ಅಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ಮನೆಗಳಿವೆ, ತಂತಿಗಳಿವೆ. ಇಲ್ಲಿ ಹೊಲದ ಗೌಡರಿಗೆ ಮೊದಲೇ ಹೇಳಿರುತ್ತೇವೆ, ಪೊಲೀಸ್ ಠಾಣೆಗೂ ನನಗೆ ಕಲಿಸುವ ಸರ್ ತಿಳಿಸಿರುತ್ತಾರೆ.

"ಇದೆಲ್ಲ ನಮ್ಮ ದೇಶದಲ್ಲಿ ನಡೆಯುತ್ತಾ?" ಅಂತ ಅಂಗಡಿಗೆ ಬರುವವರು ಕೇಳುತ್ತಲೇ ಇರುತ್ತಾರೆ. ನಡೆಯುತ್ತೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಂದ ರಾಷ್ಟ್ರೀಯ ವಾಯು ಕ್ರೀಡಾ ನೀತಿಯಲ್ಲಿ ಪ್ಯಾರಾಗ್ಲೈಡಿಂಗ್ ಪಕ್ಕದಲ್ಲೇ ಪ್ಯಾರಾಮೋಟರಿಂಗ್ ಹೆಸರೂ ಇದೆ.

ಹೋದಾಗ ಹೊಲದ ತುಂಬ ಮಂಜು. ಹತ್ತು ಹೆಜ್ಜೆ ಆಚೆ ಇದ್ದ ಜೀಪೇ ಕಾಣುತ್ತಿರಲಿಲ್ಲ. ಕೋಲಿಗೆ ಕಟ್ಟಿದ್ದ ಸೀರೆ ತುಂಡು ನೆಟ್ಟಗೆ ಜೋತುಬಿದ್ದಿತ್ತು, ಗಾಳಿಯೇ ಇಲ್ಲ. ಕಾಯಬೇಕು. ಮಂಜು ಹರಿದ ಮೇಲೂ ಕಾಯಬೇಕು, ಯಾಕೆಂದರೆ ಇಬ್ಬನಿಯಲ್ಲಿ ನೆಂದ ವಿಂಗ್ ಭಾರವಾಗುತ್ತೆ, ಸರಿಯಾಗಿ ಏಳುವುದಿಲ್ಲ, ಎದ್ದರೂ ಗಾಳಿಯಲ್ಲಿ ಅದರ ನಡತೆ ಬದಲಾಗುತ್ತೆ. ನೆಲದ ಇಬ್ಬನಿ ಒಣಗುವ ತನಕ ಅದನ್ನು ಬಿಚ್ಚಲೇ ಇಲ್ಲ. ಹಾಗಂತ ತುಂಬಾ ಹೊತ್ತು ಕಾಯುವ ಹಾಗೂ ಇಲ್ಲ. ಒಂಬತ್ತರ ಮೇಲೆ ನೆಲ ಬಿಸಿಯಾಗುತ್ತೆ, ಬಿಸಿಗಾಳಿ ಬುಗ್ಗೆ ಬುಗ್ಗೆಯಾಗಿ ಮೇಲೇಳುತ್ತೆ. ಅದು ಕಲಿಯುವವರ ಹೊತ್ತಲ್ಲ. ಹೊಸಬರಿಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಎರಡು ಗಂಟೆ. ಇಷ್ಟೇ ಅಂತ ಸರ್ ಮೊದಲನೇ ದಿನವೇ ಹೇಳಿದ್ದರು.

ನನ್ನದು ರಿಪೇರಿ ಅಂಗಡಿ. ತೋಟದವರ ಕಳೆ ಹೊಡೆಯುವ ಮಷಿನ್, ಔಷಧಿ ಹೊಡೆಯುವ ಸ್ಪ್ರೇಯರ್, ಎಲ್ಲ ಟೂ ಸ್ಟ್ರೋಕ್. ಹದಿನಾರು ವರ್ಷದಿಂದ ಅವುಗಳ ಹೊಗೆ ಕುಡಿದಿದ್ದೇನೆ. ಪ್ಯಾರಾಮೋಟರ್ ಬೆನ್ನಿಗೆ ಹಾಕುವ ಎಂಜಿನ್ ಕೂಡ ಅದೇ ಜಾತಿಯದು. ಲೀಟರ್ ಪೆಟ್ರೋಲಿಗೆ 25 ಎಂ.ಎಲ್. ಆಯಿಲ್, ಒಂದು ಪ್ಲಗ್, ಒಂದು ಕಾರ್ಬೊರೇಟರ್. ಹಾಗಾಗಿ ಅರ್ಧ ವಿದ್ಯೆ ಬಂದೇ ಇದೆ ಅಂದುಕೊಂಡೇ ಕಲಿಯೋಕೆ ಹೋದೆ. ನವೆಂಬರ್‌ನಲ್ಲಿ ಮೂರು ವಾರ ಸರ್ ಎಂಜಿನ್ ಮುಟ್ಟೋಕೇ ಬಿಡಲಿಲ್ಲ. ಬರೀ ವಿಂಗ್. ಹೊಲದಲ್ಲಿ ನಿಂತು ಅದನ್ನು ತಲೆ ಮೇಲೆ ಎತ್ತುವುದು, ಹಿಡಿದು ನಿಲ್ಲಿಸುವುದು, ಇಳಿಸುವುದು, ಮತ್ತೆ ಎತ್ತುವುದು. ಆಷಾಢದಲ್ಲಿ ಗಾಳಿಪಟ ಬಿಟ್ಟ ಕೈ ಇದಕ್ಕೆ ಸ್ವಲ್ಪ ಬೇಗ ಬಗ್ಗುತ್ತೆ. ದಾರ ಯಾವಾಗ ಎಳೀಬೇಕು, ಯಾವಾಗ ಸಡಿಲ ಬಿಡಬೇಕು ಅಂತ ಕೈಗೇ ಗೊತ್ತಾಗುತ್ತೆ. ಆದರೂ ಮೊದಲ ವಾರ ವಿಂಗ್ ನನ್ನನ್ನೇ ಎಳೆದಾಡಿತು. ಈಗ ಕಣ್ಣು ಮುಚ್ಚಿದರೂ ಅದು ಎಡಕ್ಕೆ ವಾಲಿತೋ ಬಲಕ್ಕೆ ವಾಲಿತೋ ಹೇಳಬಲ್ಲೆ. ಆ ಮೂರು ವಾರ ಬಿಟ್ಟು ನೇರ ಹಾರೋಕೆ ಹೋಗುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯ ಆಗುತ್ತೆ.

ಅಂಗಡಿಯ ಅಭ್ಯಾಸ ಒಂದನ್ನು ಮಾತ್ರ ಬಿಡೋಕೆ ಕಷ್ಟ ಆಯಿತು. ಅಲ್ಲಿ ಮಷಿನನ್ನು ಕಾಲಿನಿಂದ ಒತ್ತಿ ಹಿಡಿದು ಹಗ್ಗ ಎಳೆದುಬಿಡುತ್ತೇನೆ. ಸ್ಟಾರ್ಟ್ ಆಗಲಿಲ್ಲ ಅಂದರೆ ಕೈ ಸುಮ್ನೆ ಕಾರ್ಬೊರೇಟರ್ ಕಡೆ ಹೋಗುತ್ತೆ. ಇಲ್ಲಿ ಕಾರ್ಬೊರೇಟರ್ ಪಕ್ಕದಲ್ಲೇ ಪ್ರೊಪೆಲ್ಲರ್ ಇದೆ. ಪ್ಯಾರಾಮೋಟರಿನಲ್ಲಿ ಬೆರಳು ಕಳೆದುಕೊಂಡವರಲ್ಲಿ ಹೆಚ್ಚಿನವರು ಕಳೆದುಕೊಂಡಿದ್ದು ನೆಲದ ಮೇಲೆ, ಸ್ಟಾರ್ಟ್ ಮಾಡುವಾಗ. ಕೇಬಲ್ಲಿನ ಒಂದು ಎಳೆ ಬಿಟ್ಟು ಆಕ್ಸಿಲರೇಟರ್ ಸಿಕ್ಕಿಕೊಂಡಿದ್ದರೆ ಸಾಕು, ಎಂಜಿನ್ ಹತ್ತಿದ ಕ್ಷಣವೇ ಪೂರ್ತಿ ಜೋರಿಗೆ ಹೋಗುತ್ತೆ. ಆ ಎಳೆತಕ್ಕೆ ನಿಂತ ಮನುಷ್ಯ ತಡೆದು ನಿಲ್ಲೋಕೆ ಆಗಲ್ಲ. ಎಳೆ ಬಿಟ್ಟ ಕೇಬಲ್ ನನ್ನ ಟೇಬಲ್ ಮೇಲೆ ತಿಂಗಳಿಗೆ ಎರಡು ಮೂರಾದರೂ ಬರುತ್ತವೆ. ಆದ್ದರಿಂದ ಈಗ ಮೊದಲು ಆಕ್ಸಿಲರೇಟರ್ ಒತ್ತಿ ಬಿಟ್ಟು ನೋಡುತ್ತೇನೆ, ಆಫ್ ಸ್ವಿಚ್ ಕೆಲಸ ಮಾಡುತ್ತಾ ನೋಡುತ್ತೇನೆ, ಹಿಂದೆ ಯಾರೂ ಇಲ್ಲ ಅಂತ ತಿರುಗಿ ನೋಡಿ "ಕ್ಲಿಯರ್ ಪ್ರಾಪ್" (ಪ್ರೊಪೆಲ್ಲರ್‌ನಿಂದ ದೂರ ಇರಿ) ಅಂತ ಕೂಗುತ್ತೇನೆ. ಹೊಲದಲ್ಲಿ ಕಾಗೆ ಮಾತ್ರ ಇದ್ದರೂ ಕೂಗುತ್ತೇನೆ.

ಏಳೂ ಮುಕ್ಕಾಲಿಗೆ ಸೀರೆ ತುಂಡು ಅಲುಗಾಡಿತು. ಮೂಡಗಾಳಿ, ಗಂಟೆಗೆ 8 ರಿಂದ 10 ಕಿಲೋಮೀಟರ್. ಪೆಟ್ರೋಲ್ ಸೇರಿ ಬೆನ್ನ ಮೇಲೆ 32 ಕೆ.ಜಿ. ಹೊತ್ತು ಗಾಳಿಗೆ ಮುಖ ಕೊಟ್ಟು ನಿಂತೆ. ವಿಂಗ್ ಎದ್ದಿತು. ತಲೆ ಎತ್ತಿ ನೋಡಿದೆ, ನೆಟ್ಟಗಿದೆ. ಆಮೇಲೆ ಆಕ್ಸಿಲರೇಟರ್, ನಿಧಾನವಾಗಿ. ನಮ್ಮ ಈ ಭಾಗ ಸಮುದ್ರಮಟ್ಟಕ್ಕಿಂತ ಎಂಟು-ಒಂಬೈನೂರು ಮೀಟರ್ ಎತ್ತರದಲ್ಲಿದೆ, ಗಾಳಿ ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಪಾಲು ತೆಳ್ಳಗೆ. ಕರಾವಳಿಯಲ್ಲಿ ಏಳುವುದಕ್ಕಿಂತ ಇಲ್ಲಿ ನಾಲ್ಕು ಹೆಜ್ಜೆ ಜಾಸ್ತಿ ಓಡಬೇಕು. ಇದು ನನಗೆ ಹೊಸ ವಿಷಯ ಅಲ್ಲ. ಮಂಗಳೂರಲ್ಲಿ ಟ್ಯೂನ್ ಮಾಡಿಸಿದ ಕಳೆ ಮಷಿನ್ ಘಾಟಿ ಹತ್ತಿ ಬಂದ ಮೇಲೆ ಹೊಗೆ ಕಾರುತ್ತೆ, ಅದನ್ನು ಸರಿ ಮಾಡಿಯೇ ಎಷ್ಟೋ ದಿನ ಊಟ ಮಾಡಿದ್ದೇನೆ. ಮೈ ನೆಟ್ಟಗೆ ಇಟ್ಟು ಓಡಿದೆ. "ಕೂರಬೇಡಿ, ಕೂರಬೇಡಿ, ಕಾಲು ಗಾಳೀಲೂ ಓಡ್ತಾ ಇರಲಿ" ಅಂತ ರೇಡಿಯೋದಲ್ಲಿ ಸರ್. ಹೊಲ ಕೆಳಗೆ ಹೋಯಿತು.

ಹನ್ನೊಂದನೇ ಹಾರಾಟ. ಪಡುವಣಕ್ಕೆ ಬಾಬಾಬುಡನ್‌ಗಿರಿ ಸಾಲು ಮಂಜಿನ ಮೇಲೆ ನೀಲಿಯಾಗಿ ತೇಲುತ್ತಿತ್ತು. ಅದರಲ್ಲೇ ಎಲ್ಲೋ ಮುಳ್ಳಯ್ಯನಗಿರಿ, 1,930 ಮೀಟರ್. ನೆಲದಲ್ಲಿ ನಿಂತು ನೂರು ಸಲ ನೋಡಿದ ಬೆಟ್ಟ. ಕಾಲ ಕೆಳಗೆ ಏನೂ ಇಲ್ಲದೆ ನೋಡಿದಾಗ ಗಂಟಲು ಕಟ್ಟಿತು. ಇದಕ್ಕಾಗಿಯೇ ಅಲ್ವಾ ಇಷ್ಟೆಲ್ಲ ಕಷ್ಟ.

ಹಾರುತ್ತಿರುವಾಗ ಸರ್ ಒಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ. "ಈಗ ನಿಂತ್ರೆ ಎಲ್ಲಿ?" ಉತ್ತರ ಬಾಯಲ್ಲಿ ಹೇಳಬೇಕಾಗಿಲ್ಲ. ಹೊಲ ಗೊತ್ತು ಮಾಡಿಕೊಂಡೆ ಅಂದರೆ ಕಾಲು ಆಡಿಸಬೇಕು, ಕೆಳಗಿಂದ ಅವರಿಗೆ ಕಾಣುತ್ತೆ. ಮೊದಮೊದಲು ಇದು ಪರೀಕ್ಷೆ ಅನಿಸುತ್ತಿತ್ತು. ಆಮೇಲೆ ಅವರು ಕೇಳದಿದ್ದರೂ ಒಳಗೇ ಕೇಳಿಸೋಕೆ ಶುರುವಾಯಿತು. ಕೆರೆ ಮೇಲಾದರೆ ಉತ್ತರ ಇಲ್ಲ, ಆದ್ದರಿಂದ ಕೆರೆ ಮೇಲೆ ಹೋಗುವುದಿಲ್ಲ. ಬೆನ್ನಿಗೆ ಇಷ್ಟು ಭಾರ ಕಟ್ಟಿಕೊಂಡು ನೀರಿಗೆ ಬಿದ್ದರೆ ಬಕಲ್ ಬಿಚ್ಚುವಷ್ಟು ಹೊತ್ತು ಸಿಗದೇ ಹೋಗಬಹುದು. ತೆಂಗಿನ ತೋಟದ ಮೇಲೂ ಉತ್ತರ ಇಲ್ಲ. ಎಂಜಿನ್ ನಿಲ್ಲುವುದಿಲ್ಲ ಅಂತ ನಂಬುವುದಾದರೂ ಹೇಗೆ? ನಿಂತ ಎಂಜಿನ್‌ಗಳಿಂದಲೇ ನನ್ನ ಮನೆ ನಡೆಯುತ್ತಿರುವುದು.

ಹದಿನಾಲ್ಕನೇ ನಿಮಿಷಕ್ಕೆ ಸದ್ದು ಒಮ್ಮೆ ತೆಳುವಾಯಿತು. ಇನ್ನೊಮ್ಮೆ ಏರಿತು. ಆಮೇಲೆ ನಿಂತೇ ಹೋಯಿತು.

ಮೈ ಹಿಂದಕ್ಕೆ ತೂಗಿತು, ವಿಂಗ್ ಸ್ವಲ್ಪ ಮುಂದಕ್ಕೆ ಹೋಗಿ ತಾನೇ ವಾಪಸ್ ಬಂತು. ಎಷ್ಟು ನಿಶ್ಶಬ್ದ ಅಂದರೆ ವಿಂಗ್‌ನ ದಾರಗಳ ನಡುವೆ ಗಾಳಿ ಹಾಯುವ ಸುಯ್ ಶಬ್ದ, ಕೆಳಗೆ ಎಲ್ಲೋ ಒಂದು ನಾಯಿ ಬೊಗಳಿದ್ದು, ಎರಡೂ ಬೇರೆ ಬೇರೆಯಾಗಿ ಕೇಳಿಸಿತು. ಎತ್ತರ ತೋರಿಸುವ ಮೀಟರ್ ನೋಡಿದೆ, 160 ಮೀಟರ್. ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಮೀಟರ್ ಇಳಿಯುತ್ತೆ ಅಂದರೆ ಒಂದು ನಿಮಿಷದ ಮೇಲೆ ಚಿಲ್ಲರೆ. ಹೆಬ್ಬೆರಳು ಸ್ಟಾರ್ಟ್ ಬಟನ್ ಹುಡುಕಿಕೊಂಡು ಹೋಯಿತು, ಅದನ್ನು ಒಪ್ಪಿಕೊಳ್ಳಲೇಬೇಕು. "ಬಟನ್ ಬೇಡ. ಹೊಲ ನೋಡಿ" ಅಂತ ರೇಡಿಯೋ. ಹೆಬ್ಬೆರಳನ್ನು ಆಫ್ ಸ್ವಿಚ್‌ಗೆ ತಂದು ಒತ್ತಿದೆ.

ನಾವು ಎದ್ದ ಹೊಲ ಕಾಣುತ್ತಿತ್ತು. ಜೀಪ್ ಕಾಣುತ್ತಿತ್ತು, ಸರ್ ಕೂಡ ಕಾಣುತ್ತಿದ್ದರು. ಮನಸ್ಸು ಅತ್ತಲೇ ಎಳೆಯಿತು. ಆರೇಳುನೂರು ಮೀಟರ್ ಅಷ್ಟೇ, ಹೋಗಿಬಿಡಬಹುದು ಅನಿಸಿತು. ಆದರೆ ಅದು ಎದುರುಗಾಳಿ ಕಡೆ. ನಡುವೆ ಪಂಪ್‌ಸೆಟ್‌ನ ಕರೆಂಟ್ ಲೈನ್. ಮೇಲಿಂದ ತಂತಿ ಕಾಣುವುದಿಲ್ಲ, ಎರಡು ಕಂಬ, ಒಂದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮಾತ್ರ ಕಂಡಿತು. ಎರಡು ಕಂಬ ಕಂಡರೆ ನಡುವೆ ತಂತಿ ಇದ್ದೇ ಇದೆ ಅಂತ ಲೆಕ್ಕ. ಮುಟ್ಟಿದರೂ ಮುಟ್ಟಬಹುದಿತ್ತು. ಆ "ಮುಟ್ಟಿದರೂ ಮುಟ್ಟಬಹುದು" ಅನ್ನುವ ಮಾತಿಗೆ ಮೈ ಒಡ್ಡಬಾರದು ಅಂತಲೇ ಇಷ್ಟು ದಿನ ಕಾಲು ಆಡಿಸಿದ್ದು. ಎಂಜಿನ್ ನಿಲ್ಲುವ ಅರ್ಧ ನಿಮಿಷ ಮೊದಲು ನಾನು ಗೊತ್ತು ಮಾಡಿಕೊಂಡಿದ್ದು ಎಡಗಡೆಯ ಹುರುಳಿ ಕಿತ್ತ ಹೊಲವನ್ನು. ಅಲ್ಲಿಗೇ ತಿರುಗಿದೆ.

ಆ ಹೊಲದ ಮೂಡಲಿಗೂ ಒಂದು ತೆಂಗಿನ ತೋಟ ಇದೆ. ಮೂಡಗಾಳಿ ಅದನ್ನು ಹಾದು ಬರುವಾಗ ಮಗುಚುತ್ತೆ, ಸುತ್ತುತ್ತೆ. ಮರ 15 ಮೀಟರ್ ಇದ್ದರೆ ಹಿಂದೆ 150 ಮೀಟರ್ ತನಕ ಗಾಳಿಯನ್ನು ನಂಬಬಾರದು. ಹಾಗಾಗಿ ಹೊಲದ ಪಡುವಣ ತುದಿ. ಎತ್ತರ ಇರುವಾಗಲೇ ತಿರುಗಿ ಮುಗಿಸಿದೆ, ನೆಲದ ಹತ್ತಿರ ತಿರುವು ಬೇಡ. ಕೂತಿದ್ದ ಪಟ್ಟಿಯಿಂದ (ಹಾರ್ನೆಸ್) ಕಾಲು ಇಳಿಬಿಟ್ಟೆ. "ಕೈ ಮೇಲೆ. ಕೈ ಮೇಲೇ ಇರಲಿ." ನೆಲ ಓಡಿ ಬರುತ್ತಿತ್ತು. ಹುರುಳಿ ಕೂಳೆ ಒಂದೊಂದೂ ಬೇರೆ ಬೇರೆ ಕಾಣುವ ಹೊತ್ತಿಗೆ ವಿಂಗ್‌ನ ಬ್ರೇಕ್ ದಾರ ಕೆಳಗೆ ಎಳೆಯುತ್ತಾ ಹೋದೆ, ಎದೆ, ಸೊಂಟ, ತೊಡೆ. ಮೂರು ಹೆಜ್ಜೆ ಓಡಿ ನಿಂತೆ. ಹಿಂದೆ ವಿಂಗ್ ಮೆತ್ತಗೆ ಮಲಗಿತು.

ನಿಂತ ಮೇಲೆ ಮೊಣಕಾಲು ನಡುಗೋಕೆ ಶುರುವಾಯಿತು. ಮೇಲಿರುವಾಗ ಇರಲಿಲ್ಲ.

ಬದುವಿನ ಕಡೆ ಕುರಿ ಮೇಯಿಸುತ್ತಿದ್ದ ಅಜ್ಜಿ ಒಬ್ಬರು ಕೋಲು ಊರಿಕೊಂಡು ಬಂದರು.

"ಯಾಕ್ ಮಗ, ಬಿದ್ಬುಟ್ಟಾ?"

"ಇಲ್ಲ ಅಜ್ಜಿ, ಬಿದ್ದಿದ್ದಲ್ಲ. ಇಳಿದಿದ್ದು."

ಅವರು ನನ್ನನ್ನೂ ವಿಂಗನ್ನೂ ಒಂದು ಸುತ್ತು ನೋಡಿದರು. ಬಟ್ಟೆಯ ಅಂಚು ಹಿಡಿದು ಎರಡು ಬೆರಳಲ್ಲಿ ಉಜ್ಜಿ "ಸೀರೆಗಿಂತ ತೆಳ್ಳಗೈತೆ, ಇದ್ನ ನಂಬ್ಕಂಡ್ ಹೋಯ್ತಿಯಾ?" ಅಂದರು. ನಂಬುತ್ತೇನೆ ಅಜ್ಜಿ, ಯಾಕೆಂದರೆ ಪರೀಕ್ಷೆ ಮಾಡಿಸಿದ್ದೇನೆ. ಕಲಿಯೋಕೆ ಸೇರುವ ಮೊದಲೇ ಆಸೆಗೆ ಬಿದ್ದು ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ವಿಂಗ್ ತಗೊಂಡಿದ್ದೆ. ಬಣ್ಣ ಚೆನ್ನಾಗಿತ್ತು. ಸರ್ ಬಟ್ಟೆಗೆ ಬಾಯಿಟ್ಟು ಊದಿದರು, ಉಸಿರು ಆಚೆ ಬಂತು. ಬಿಸಿಲಿಗೆ ಬಟ್ಟೆಯ ಮೇಲಿನ ಲೇಪ ಸತ್ತುಹೋಗಿತ್ತು. ಈಗ ಅದು ಅಂಗಡಿಯಲ್ಲಿ ಜನರೇಟರ್ ಮುಚ್ಚುತ್ತಿದೆ. ದುಡ್ಡು ಹೋಯಿತು, ಇರಲಿ. ಜೇಬಿನ ಎಳ್ಳು-ಬೆಲ್ಲ ಅಜ್ಜಿಗೆ ಕೊಟ್ಟೆ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಅಂತ ಅವರೇ ಹೇಳಿ ಬಾಯಿಗೆ ಹಾಕಿಕೊಂಡರು.

ಜೀಪ್ ಬರುವಷ್ಟರಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಅಲ್ಲಿಗೆ ಎಲ್ಲ ಗೊತ್ತಾಯಿತು. ಸ್ಪ್ರೇಯರ್ ಮುಚ್ಚಳದ ಸಣ್ಣ ತೂತಿಗೆ ಮಣ್ಣು ಕಟ್ಟಿಕೊಂಡರೆ ಹೀಗೇ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಎಂಜಿನ್ ಹತ್ತು ನಿಮಿಷ ಓಡಿ ನಿಲ್ಲುತ್ತೆ, ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತೆ. ಇಲ್ಲಿ ಮುಚ್ಚಳದ ತೂತಿನ ಬದಲು ಟ್ಯಾಂಕಿಗೆ ಗಾಳಿ ಬರೋಕೆ ಒಂದು ಸಣ್ಣ ಪೈಪ್. ನಿನ್ನೆ ರಾತ್ರಿ ಫ್ರೇಮಿಗೆ ಟೂಲ್ಸ್ ಚೀಲ ಕಟ್ಟಿದೆನಲ್ಲ, ಆ ಪಟ್ಟಿಯ ಕೆಳಗೆ ಪೈಪ್ ಮಡಚಿ ಕೂತಿತ್ತು. ಕಟ್ಟಿದವನು ನಾನೇ. ನೂರಾರು ಗಿರಾಕಿಗಳಿಗೆ ತೋರಿಸಿಕೊಟ್ಟ ತಪ್ಪು.

ಸರ್ ಇಳಿದ ರೀತಿ ನೋಡಿ ಖುಷಿಪಟ್ಟರು. "ವಾಪಸ್ ಬರೋಕೆ ನೋಡ್ಲಿಲ್ವಲ್ಲ, ಅದು ದೊಡ್ಡದು" ಅಂದರು. ನನಗೆ ಆ ಖುಷಿಯನ್ನು ಪೂರ್ತಿ ತಗೊಳ್ಳೋಕೆ ಆಗಲಿಲ್ಲ. ಚೆನ್ನಾಗಿ ಇಳಿದೆ ಅನ್ನುವುದು ಪೈಪ್ ಮಡಚಿದ್ದಕ್ಕೆ ಲೆಕ್ಕ ತೀರಿಸುವುದಿಲ್ಲ. ಅದೇ ಚೀಲ ಕಟ್ಟಿಕೊಂಡು ಏಳುವಾಗ, ಹತ್ತು ಮೀಟರ್ ಎತ್ತರದಲ್ಲಿ, ಮುಂದೆ ತಂತಿ ಇರುವಾಗ ನಿಂತಿದ್ದರೆ? ಮಷಿನ್‌ಗೆ ಹೊಸದಾಗಿ ಏನೇ ಕಟ್ಟಿದರೂ ಮೊದಲು ನೆಲದ ಮೇಲೆ ಹದಿನೈದು ನಿಮಿಷ ಓಡಿಸಿ ನೋಡದೆ ಹಾರುವುದಿಲ್ಲ. ಇದನ್ನು ಸರ್ ಹತ್ತಿರ ಹೇಳಿದೆ. ಅವರು ಒಪ್ಪಿದರು.

ಎರಡನೇ ಹಾರಾಟಕ್ಕೆ ಹೊತ್ತಿತ್ತು, ಎಂಟೂವರೆ ಅಷ್ಟೇ. ನಾನು ಬೇಡ ಅಂದೆ. ಕೈ ಇನ್ನೂ ಸ್ಥಿರ ಇರಲಿಲ್ಲ.

ಮನೆಗೆ ಬಂದು ಇವಳಿಗೆ ಎಲ್ಲ ಹೇಳಿದೆ, ಒಂದೂ ಬಿಡದೆ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. "ಮುಚ್ಚಿಡದೆ ಹೇಳ್ತೀರಲ್ಲ, ಅದಕ್ಕೇ ಕಳಿಸೋದು" ಅಂದು ಮತ್ತೆ ತಟ್ಟೋಕೆ ಶುರು ಮಾಡಿದಳು. ಅಮ್ಮನಿಗೆ ನಾಳೆ ಹೇಳಬೇಕು.

ಹಾರುವ ಮುಂಚೆ ನೋಡುವ ಪಟ್ಟಿ ಒಂದು ರಟ್ಟಿನ ಮೇಲಿದೆ, ಫ್ರೇಮಿಗೆ ತೂಗುಹಾಕಿರುತ್ತೇನೆ. ಹತ್ತು ಸಾಲು ಇತ್ತು. ನನ್ನ ಅಕ್ಷರ ಯಾರಿಗೂ ಓದೋಕೆ ಬರುವುದಿಲ್ಲ ಅಂತ ಮಗಳೇ ಮಾರ್ಕರ್ ತಗೊಂಡು ಹನ್ನೊಂದನೆಯದನ್ನು ಬರೆದುಕೊಟ್ಟಳು. "ಟ್ಯಾಂಕ್ ಗಾಳಿ ಪೈಪ್: ಬೆರಳಲ್ಲಿ ಸವರಿ ನೋಡು, ಬಾಯಲ್ಲಿ ಊದಿ ನೋಡು." ಮಸಿ ಒಣಗಲಿ ಅಂತ ಕಿಟಕಿ ಹತ್ತಿರ ಇಟ್ಟಿದ್ದೇನೆ.